ಎಲ್ಲಾ ಸರಿಯಿತ್ತು, ಬನಿಯನ್ ಒಂದನ್ನು ಬಿಟ್ಟು

ಬೆಟ್ಟ ಹತ್ತಲು ಮಳೆಗೂ ಚಳಿಗೂ ಗಾಳಿಗೂ ಆಗುವ ಒಂದೇ ಒಂದು ಒಳ್ಳೆ ಜಾಕೆಟ್ ಯಾವುದು ಅಂತ ಕೇಳಿದ್ದೀರಿ. ಹನ್ನೊಂದು ವರ್ಷದ ಹಿಂದೆ ಅಂಗಡಿಯಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಅಂಗಡಿಯವರು ಖುಷಿಯಾಗಿ ಒಂದನ್ನು ತೆಗೆದುಕೊಟ್ಟರು.

ಜಾಕೆಟ್ ಚೆನ್ನಾಗಿಯೇ ಇತ್ತು. ಅದರ ಒಳಗೆ ಫ್ಲೀಸ್ ಅನ್ನುವ ಮೆತ್ತನೆಯ ಬೆಚ್ಚನೆ ಸಿಂಥೆಟಿಕ್ ಅಂಗಿ, ಅದರೊಳಗೆ ಬೆವರು ಬೇಗ ಒಣಗುವ ಪಾಲಿಯೆಸ್ಟರ್ ಟೀ ಶರ್ಟ್. ಎಲ್ಲರೂ ಹೇಳುವ ಮೂರು ಪದರ ಅಚ್ಚುಕಟ್ಟಾಗಿತ್ತು. ಆದರೆ ಟೀ ಶರ್ಟಿನ ಒಳಗೆ, ದಿನಾ ಹಾಕುವ ಅಭ್ಯಾಸಕ್ಕೆ, ಒಂದು ಹತ್ತಿಯ ಬನಿಯನ್ ಕೂಡ ಇತ್ತು. ಅದನ್ನು ನಾನು ಬಟ್ಟೆಯ ಲೆಕ್ಕಕ್ಕೇ ಹಿಡಿದಿರಲಿಲ್ಲ.

ಬೆಳಿಗ್ಗೆ ಐದಕ್ಕೆ ನಾಲ್ಕು ಜನ ಹೊರಟೆವು. ಚಳಿ ಇತ್ತು, ಎಲ್ಲವನ್ನೂ ಹಾಕಿಕೊಂಡೇ ಹತ್ತಲು ಶುರುಮಾಡಿದೆ. ಇಪ್ಪತ್ತು ನಿಮಿಷಕ್ಕೆ ಬೆನ್ನೆಲ್ಲ ಬೆವರು. ನಿಂತು ಫ್ಲೀಸ್ ತೆಗೆಯೋಣ ಅನ್ನಿಸಿತು. ಆದರೆ ಮುಂದಿದ್ದವರು ನಿಲ್ಲುತ್ತಿಲ್ಲ. ನಾನೊಬ್ಬನೇ ಬ್ಯಾಗ್ ಬಿಚ್ಚಿಕೊಂಡು ಕೂತರೆ ಇವನಿಗೆ ದಮ್ಮಿಲ್ಲ ಅಂದುಕೊಳ್ಳುತ್ತಾರಲ್ಲ ಅನ್ನುವ ಸಂಕೋಚ. ಮೂರು ಗಂಟೆ ಹಾಗೇ ನಡೆದೆ. ಅಷ್ಟು ಹೊತ್ತೂ ಒಂದು ಹನಿ ಮಳೆ ಬಿದ್ದಿರಲಿಲ್ಲ, ಅದನ್ನು ನೆನಪಿಟ್ಟುಕೊಳ್ಳಿ.

ಬೆಟ್ಟದ ಮೇಲಿನ ದಿಬ್ಬಕ್ಕೆ ಬಂದಾಗ ಗಾಳಿ ಸಿಕ್ಕಿತು. ಸುಸ್ತಾಗಿತ್ತು, ಕೂತೆವು. ಹತ್ತು ನಿಮಿಷಕ್ಕೆ ನನ್ನ ಬೆರಳು ನನ್ನ ಮಾತು ಕೇಳುವುದು ಬಿಟ್ಟವು. ಗ್ಲೌಸ್ ತೆಗೆದು ಜಾಕೆಟ್ಟಿನ ಜಿಪ್ ಹಿಡಿಯಲು ಹೋದೆ, ಆಗಲಿಲ್ಲ. ತೆಗೆದ ಗ್ಲೌಸ್ ಗಾಳಿಗೆ ಹಾರಿಹೋಯಿತು. ಗೆಳೆಯ ಏನೋ ಕೇಳಿದ, ನಾನು ಸರಿಯಾಗಿಯೇ ಉತ್ತರ ಕೊಟ್ಟೆ ಅಂದುಕೊಂಡೆ. ಕುಡಿದವನ ಹಾಗೆ ತೊದಲುತ್ತಿದ್ದೆನಂತೆ, ಆಮೇಲೆ ಹೇಳಿದ. ನನಗೆ ಭಯವೇ ಆಗಿರಲಿಲ್ಲ, ಸುಮ್ನೆ ಸಿಟ್ಟು ಬರುತ್ತಿತ್ತು. ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಇಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಅದರಲ್ಲಿ ಕೈಕಾಲಿನ ಜೊತೆ ಬುದ್ಧಿಯೂ ಮಂಕಾಗುತ್ತದೆ. ಹಾಗಾಗಿ ತನಗೆ ಏನಾಗುತ್ತಿದೆ ಅಂತ ತನಗೇ ಗೊತ್ತಾಗುವುದಿಲ್ಲ.

ಅವನೇ ಒಂದೊಂದಾಗಿ ನನ್ನ ಬಟ್ಟೆ ಬಿಚ್ಚಿದ. ಬನಿಯನ್ ಹಿಂಡಿದರೆ ನೀರು ಧಾರೆಯಾಗಿ ಇಳಿಯಿತು. ತನ್ನ ಹತ್ತಿರ ಇದ್ದ ಒಣ ಶರ್ಟ್ ತೊಡಿಸಿದ. ತುದಿಗೆ ಇನ್ನು ನಲವತ್ತು ನಿಮಿಷದ ದಾರಿ ಇತ್ತು. ನಾಲ್ಕೂ ಜನ ವಾಪಸ್ ಬಂದೆವು. ಕೆಳಗೆ ಬಂದ ಮೇಲೆ ನಾನು ಜಾಕೆಟ್ ಸೋರುತ್ತದೆ ಅಂತ ಬೈದೆ. ಮಳೆಯೇ ಬಂದಿರಲಿಲ್ಲ ಮಾರಾಯ, ಎಲ್ಲಿಂದ ಸೋರಬೇಕು ಅಂದ ಅವನು.

ಬನಿಯನ್ ವಿಷಯ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಸಹಿಸಿಕೊಳ್ಳಿ. ಹತ್ತಿಯ ಎಳೆ ನೀರು ಕುಡಿಯುತ್ತದೆ. ಪಾಲಿಯೆಸ್ಟರ್ ಎಳೆ ಕುಡಿಯುವುದೇ ಇಲ್ಲ ಅನ್ನಬಹುದು. ಎಳೆಗಳ ನಡುವಿನ ಸಂದಿಯಲ್ಲಿ ಬೆವರನ್ನು ಎಳೆದು, ಅಗಲಕ್ಕೆ ಹರಡಿ ಒಣಗಿಸುತ್ತದೆ. ಆದರೆ ಅದು ಚರ್ಮಕ್ಕೆ ತಾಗಿದ್ದರೆ ತಾನೇ? ನನ್ನ ಬೆವರನ್ನೆಲ್ಲ ಬನಿಯನ್ನೇ ಕುಡಿದು ಕೂತಿತ್ತು. ನಮ್ಮನ್ನು ಬೆಚ್ಚಗಿಡುವುದು ಬಟ್ಟೆಯಲ್ಲ, ಬಟ್ಟೆಯೊಳಗೆ ಸಿಕ್ಕಿಕೊಂಡ ಗಾಳಿ. ಆ ಗಾಳಿಯ ಜಾಗಕ್ಕೆ ನೀರು ಬಂದರೆ ಕತೆ ಮುಗಿಯಿತು. ನೀರು ಗಾಳಿಗಿಂತ ಸುಮಾರು 25 ಪಟ್ಟು ಜೋರಾಗಿ ಬಿಸಿಯನ್ನು ಸಾಗಿಸುತ್ತದೆ. ಹತ್ತುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಮೈಯೇ ಒಲೆಯ ಹಾಗೆ ಉರಿಯುತ್ತಿರುತ್ತದೆ. ಕೂತ ತಕ್ಷಣ ಒಲೆ ಆರುತ್ತದೆ, ಒದ್ದೆ ಬನಿಯನ್ ಅಲ್ಲೇ ಇರುತ್ತದೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಎಲ್ಲದಕ್ಕೂ ಆಗುವ ಒಂದು ದಪ್ಪ ಜಾಕೆಟ್ ಅಂದರೆ ಹಾಕಿದರೆ ಬೇಯುವುದು, ತೆಗೆದರೆ ನಡುಗುವುದು, ಎರಡೇ ದಾರಿ. ಚರ್ಮದಿಂದ ಶುರುಮಾಡಿ. ಒಳಗೆ ಸಿಂಥೆಟಿಕ್ ಅಥವಾ ಮೆರಿನೊ ಕುರಿಯ ನಯವಾದ ಉಣ್ಣೆ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ, ವಾಸನೆಯೂ ಕಡಿಮೆ. ಒಣಗುವುದು ಮಾತ್ರ ನಿಧಾನ. ಚಡ್ಡಿ, ಕಾಲುಚೀಲ ಕೂಡ ಹತ್ತಿಯದು ಬೇಡ. ಜೀನ್ಸ್ ಅಂತೂ ಮನೆಯಲ್ಲೇ ಇರಲಿ. ಅದರ ಮೇಲೆ ತೆಳು ಫ್ಲೀಸ್. ಒಳಗೆ ಪುಕ್ಕ ತುಂಬಿದ ಜಾಕೆಟ್ ಒಣಗಿದ್ದಾಗ ಸ್ವರ್ಗ, ನೆನೆದರೆ ಮುದ್ದೆಯಾಗುತ್ತದೆ. ನಾನು ಅದನ್ನು ಕೂತಾಗ ಮಾತ್ರ ಹಾಕುತ್ತೇನೆ.

ಇನ್ನು ಮಳೆ ಜಾಕೆಟ್. ಉಸಿರಾಡುವ ಬಟ್ಟೆ ಅಂತ ಚೀಟಿ ಅಂಟಿಸಿರುತ್ತಾರೆ, ಪೂರ್ತಿ ನಂಬಬೇಡಿ. ಒಳಗಿನ ತೇವ ಹೊರಗಿಗಿಂತ ಜಾಸ್ತಿ ಇದ್ದರೆ ಮಾತ್ರ ಆವಿ ಹೊರಗೆ ಹೋಗುತ್ತದೆ. ಹೊರಗಿನ ಬಟ್ಟೆಯೇ ನೆನೆದು ತೊಪ್ಪೆಯಾದರೆ ಆ ಉಸಿರಾಟವೂ ಹೆಚ್ಚುಕಡಿಮೆ ನಿಂತಹಾಗೆ. ಬಟ್ಟೆ ಎಷ್ಟು ಎತ್ತರದ ನೀರಿನ ಒತ್ತಡ ತಡೆಯುತ್ತದೆ ಅನ್ನುವ ಲೆಕ್ಕ ಹಿಡಿದು, 10,000 ಮಿಲಿಮೀಟರಾ 20,000 ಮಿಲಿಮೀಟರಾ ಅಂತ ಜನ ಜಗಳವಾಡುತ್ತಾರೆ. ನಾನು ಮೊದಲು ನೋಡುವುದು ಕಂಕುಳಲ್ಲಿ ಜಿಪ್ ಇದೆಯಾ, ಟೋಪಿಯ ಅಂಚು ಗಾಳಿಗೆ ಕಣ್ಣಿನ ಮೇಲೆ ಬೀಳುತ್ತಾ ಅಂತ. ಕೊಳೆಯಾದರೆ ನೀರು ಜಾರುವುದು ನಿಲ್ಲುತ್ತದೆ, ಒಗೆಯಿರಿ. ಆದರೆ ಬಟ್ಟೆ ಮೆದುವಾಗಿಸುವ ದ್ರವ ಹಾಕಬೇಡಿ.

ಕೆಳಗಿನ ಹವಾಮಾನ ನೋಡಿ ಬಟ್ಟೆ ಕಟ್ಟಬೇಡಿ. ಸಾವಿರ ಮೀಟರ್ ಮೇಲೇರಿದರೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. 5 ಡಿಗ್ರಿ ಚಳಿಯಲ್ಲಿ ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿ ಮೈಗೆ ಸೊನ್ನೆಗಿಂತ ಕೆಳಗಿನ ಚಳಿ. ಮೈ ಬಿಸಿಯಲ್ಲಿ ಅರ್ಧ ತಲೆಯಿಂದಲೇ ಹೋಗುತ್ತದೆ ಅನ್ನುವುದು ಸುಳ್ಳು, ಆದರೂ ಉಣ್ಣೆ ಟೋಪಿ ಇರಲಿ. ನಡೆಯುತ್ತಲೇ ಹಾಕಿ ತೆಗೆಯಬಹುದು, ಅದಕ್ಕೆ.

ಹೊರಡುವಾಗ ಸ್ವಲ್ಪ ಚಳಿ ಆಗುತ್ತಿರಬೇಕು. ಹತ್ತು ನಿಮಿಷ ನಡೆದು ಎಲ್ಲರನ್ನೂ ನಿಲ್ಲಿಸಿ ಒಂದು ಪದರ ತೆಗೆಯಿರಿ, ಯಾರೇನು ಅಂದುಕೊಂಡರೂ ಸರಿ. ಕೂತ ಕೂಡಲೇ, ಚಳಿ ಶುರುವಾಗುವ ಮೊದಲೇ, ಮತ್ತೆ ಹಾಕಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದ ಒಣ ಟೀ ಶರ್ಟ್ ಬ್ಯಾಗಿನ ಮೇಲ್ಭಾಗದಲ್ಲೇ ಇರಲಿ, ತಳದಲ್ಲಲ್ಲ. ಗ್ಲೌಸ್ ಎರಡು ಜೊತೆ.

ಇಷ್ಟಾದ ಮೇಲೂ ಜಾಕೆಟ್ ಕೊಳ್ಳಲೇಬೇಕು ಅಂದರೆ, ಫ್ಲೀಸ್ ತೊಟ್ಟುಕೊಂಡೇ ಅಂಗಡಿಗೆ ಹೋಗಿ. ಅದರ ಮೇಲೆ ಜಾಕೆಟ್ ಹಾಕಿ, ಎರಡೂ ಕೈ ಮೇಲೆತ್ತಿ. ಹೊಟ್ಟೆ ಕಂಡರೆ ಬೇಡ, ಒಂದು ಸೈಜ್ ದೊಡ್ಡದು ಕೇಳಿ.