ಚಾಟ್ನಿಯಲ್ಲಿ ಬಿದ್ದ ಗೂಡು: ಸಂಪಾದಕರ ಉತ್ತರ

ತಿಕೋಟಾ ತಾಲ್ಲೂಕಿನ ಅಕ್ಕಾವ್ರಿಗೆ ನಮಸ್ಕಾರ.

ನಿಮ್ಮ ಪತ್ರ ಕಳೆದ ಸೋಮವಾರ ಕೈಸೇರಿತು. ತಡ ಮಾಡುವ ವಿಷಯ ಅಲ್ಲ ಅಂತ ಅವತ್ತೇ ಫೋನ್ ಮಾಡಿ ಮುಖ್ಯವಾದ ಎರಡು ಮಾತು ಹೇಳಿದೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಬೇಸಿಗೆಯಲ್ಲಿ ಇಂಥ ಮರಿಗಳು ಎಷ್ಟೋ ಅಂಗಳಗಳಲ್ಲಿ ಬಿದ್ದಿರುತ್ತವೆ. ಅವನ್ನು ಎತ್ತಿಕೊಂಡವರಿಗೂ ಉಪಯೋಗವಾಗಲಿ. ನೀವು ಕೇಳಿಕೊಂಡಂತೆ ಹೆಸರು ಹಾಕಿಲ್ಲ.

ಬೇರೆ ಓದುಗರಿಗಾಗಿ ಪತ್ರದ ಸಾರ ಇಷ್ಟು. ಏಪ್ರಿಲ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ನಡೆದಾಗ ಕಡ್ಡಿಗಳ ಜೊತೆ ಒಂದು ಗೂಡೂ ಕೆಳಗೆ ಬಿತ್ತು. ಅದರಲ್ಲಿ ಎರಡು ಮರಿ. ಕಣ್ಣು ಬಿಟ್ಟಿರಲಿಲ್ಲ, ಮೈಮೇಲೆ ಪುಕ್ಕ ಇರಲಿಲ್ಲ. ಮನುಷ್ಯರ ಕೈ ತಾಗಿದ ಮರಿಯನ್ನು ತಾಯಿ ಮತ್ತೆ ಸೇರಿಸೋದಿಲ್ಲ ಅಂತ ಅತ್ತೆಯವರು ಹೇಳಿದರು. ಹಾಗಾಗಿ ಅಕ್ಕಾವ್ರು ಮನೆಗೆ ತಂದರು. ಹತ್ತಿಯ ಬತ್ತಿ ಅದ್ದಿ ಬಾಯಿಗೆ ಆಕಳ ಹಾಲು ಹಿಂಡಿದರು. ಎರಡನೇ ದಿನ ಒಂದು ಮರಿ ಸತ್ತಿತು. ಆಮೇಲೆ ಪಕ್ಕದ ಮನೆಯ ಹುಡುಗ ಹೇಳಿದಂತೆ ಮಿಡತೆ ಕೊಟ್ಟರು. ಇನ್ನೊಂದು ಉಳಿಯಿತು. ಈಗ ಅದಕ್ಕೆ ಗರಿ ಬಂದಿದೆ, ತಲೆ ಕಪ್ಪಾಗಿದೆ, ರೆಕ್ಕೆ ಬಡಿಯುತ್ತಿದೆ. ಮೈದುನ ಪಂಜರ ತಂದಿದ್ದಾರೆ. ಅಕ್ಕಾವ್ರು ಕೇಳಿರುವುದು ಇದು: “ಆ ಮರಿಯನ್ನು ನಾನೇ ಕೊಂದೆನಾ? ಉಳಿದದ್ದನ್ನು ಇಟ್ಟುಕೊಳ್ಳಲಾ, ಬಿಡಲಾ? ಬಿಟ್ಟರೆ ಬದುಕುತ್ತಾ?”

ಅಕ್ಕಾವ್ರೆ, ಮೊದಲ ಪ್ರಶ್ನೆಗೆ ಮುಚ್ಚುಮರೆ ಮಾಡಲಾರೆ. ಹಾಲು ಕಾರಣ ಆಗಿರಬಹುದು. ಹಕ್ಕಿ ಹಾಲು ಕುಡಿದು ಬೆಳೆಯುವ ಜೀವ ಅಲ್ಲ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಶಕ್ತಿ ಅದರ ಹೊಟ್ಟೆಗಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಹಿಂಡುವುದರಲ್ಲಿದೆ. ಮರಿ ಬಾಯಿ ತೆರೆದಾಗ ನಾಲಗೆಯ ಬುಡದಲ್ಲಿ ಒಂದು ಸಣ್ಣ ತೂತು ಕಾಣುತ್ತದೆ. ಅದು ಉಸಿರಿನ ಕೊಳವೆಯ ಬಾಯಿ. ಹಾಲಾಗಲಿ ನೀರಾಗಲಿ ಹನಿ ಹನಿಯಾಗಿ ಬಿಟ್ಟರೆ ಸೀದಾ ಅಲ್ಲಿಗೆ ಇಳಿಯುತ್ತದೆ. ಮರಿಗೆ ಕೆಮ್ಮಿ ಹೊರಹಾಕಲು ಆಗುವುದಿಲ್ಲ.

ಆದರೆ “ಕೊಂದೆ” ಅನ್ನುವ ಮಾತು ಬೇಡ. ಹಸುಗೂಸಿಗೆ ಹಾಲು ಅಂತಲೇ ನಮ್ಮ ಕೈಗೆ ಗೊತ್ತಿರುವುದು. ನಿಮ್ಮ ಕೈ ಗೊತ್ತಿದ್ದದ್ದನ್ನೇ ಮಾಡಿತು. ಗೂಡು ಅಷ್ಟು ಎತ್ತರದಿಂದ ಬಿದ್ದಾಗ ಒಳಗೆ ಪೆಟ್ಟಾಗಿದ್ದರೂ ಆಗಿರಬಹುದು. ಮತ್ತೆ, ಸತ್ತ ಮರಿಯನ್ನು ನೋಡಿ ಹೆದರಿ ಎರಡನೆಯದನ್ನು ನೀವು ಕೈಬಿಡಲಿಲ್ಲ. ಕೇಳಿ ತಿಳಿದುಕೊಂಡು ಆಹಾರ ಬದಲಿಸಿದಿರಿ. ಅದಕ್ಕೇ ಒಂದು ಜೀವ ಉಳಿದಿದೆ.

ಈಗ ಅತ್ತೆಯವರ ಮಾತಿಗೆ ಬರೋಣ. ಇದೇ ಮಾತನ್ನು ನನ್ನ ತಾಯಿಯೂ ಹೇಳುತ್ತಿದ್ದರು. ಅವರ ಉದ್ದೇಶ ಒಳ್ಳೆಯದು, ಮಕ್ಕಳು ಗೂಡಿಗೆ ಕೈ ಹಾಕದಿರಲಿ ಅಂತ. ಆದರೆ ಅದು ನಿಜ ಅಲ್ಲ. ಇಂಥ ಸಣ್ಣ ಹಕ್ಕಿಗಳು ವಾಸನೆ ಹಿಡಿದು ಮರಿಯನ್ನು ಬಿಟ್ಟು ಹೋಗುವುದಿಲ್ಲ. ಅವು ನಂಬುವುದು ಕಣ್ಣು, ಕಿವಿಗಳನ್ನು. ಮರಿ ಕೂಗಿ ಬಾಯಿ ತೆರೆದರೆ ಸಾಕು, ತಾಯಿ ತಂದೆ ಎರಡೂ ಹುಳ ತರುತ್ತವೆ. ಹಾಗಾಗಿ ಗೂಡು ಬಿದ್ದರೆ ಮೊದಲು ಮಾಡಬೇಕಾದ ಕೆಲಸ ಅದನ್ನು ಮತ್ತೆ ಮೇಲಿಡುವುದು. ಗೂಡು ಹರಿದಿದ್ದರೆ ಸಣ್ಣ ಬುಟ್ಟಿ ಸಾಕು. ತಳದಲ್ಲಿ ನೀರು ಬಸಿಯಲು ತೂತು ಇರಲಿ. ಒಳಗೆ ಒಣ ಹುಲ್ಲು ಹಾಕಿ, ಮರಿ ಇಟ್ಟು, ಬಿದ್ದ ಜಾಗದ ಹತ್ತಿರವೇ ಕಟ್ಟಬೇಕು. ಚಾಟ್ನಿ ಆದ ಬಳ್ಳಿಯಲ್ಲಿ ಎಲೆ ಇರುವುದಿಲ್ಲ, ನೆರಳೂ ಇಲ್ಲ. ಆದ್ದರಿಂದ ಬದುವಿನ ಮೇಲಿನ ಗಿಡ ನೋಡಿಕೊಳ್ಳಿ. ಆಮೇಲೆ ದೂರ ಸರಿದು, ಮರೆಯಲ್ಲಿ ಕೂತು, ಎರಡು ತಾಸು ನೋಡಿ. ನಾವು ಹತ್ತಿರ ನಿಂತರೆ ಅವು ಬರುವುದಿಲ್ಲ. ಆಗ ನಾವೇ, ನೋಡಿದಿರಾ, ತಾಯಿ ಬಿಟ್ಟಿತು ಅಂದುಬಿಡುತ್ತೇವೆ.

ಇನ್ನೊಂದು ತಪ್ಪೂ ಸಾಮಾನ್ಯ. ಮೈತುಂಬ ಗರಿ ಬಂದ, ಬಾಲ ಮೋಟಾಗಿರುವ, ಕುಪ್ಪಳಿಸುವ ಮರಿ ನೆಲದ ಮೇಲೆ ಸಿಕ್ಕರೆ ಅದು ಅನಾಥ ಅಲ್ಲ. ಅದು ಹಾರಲು ಕಲಿಯುತ್ತಿದೆ. ತಾಯಿ ಮೇಲೆಲ್ಲೋ ಕೂತು ನೋಡುತ್ತಿರುತ್ತದೆ. ಬೆಕ್ಕು ನಾಯಿ ಬರುವ ಜಾಗ ಆದರೆ ಎತ್ತಿ ಪೊದೆಯೊಳಗೆ ಒಂದು ಕೊಂಬೆಯ ಮೇಲೆ ಕೂರಿಸಿ ಬನ್ನಿ. ಮನೆಗೆ ತರಬೇಡಿ. ಕರುಣೆಯಿಂದ ಕದ್ದಂತೆ ಆಗುತ್ತದೆ.

ನಿಮ್ಮದು ಯಾವ ಹಕ್ಕಿ ಅಂತ ಕೇಳಿದ್ದೀರಿ. ಕಪ್ಪು ತಲೆ, ಸಣ್ಣ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಮೂಡುತ್ತಿದೆ ಅಂತ ಬರೆದಿದ್ದೀರಿ. ಅದು ಪಿಕಳಾರ, ಬುಲ್‌ಬುಲ್. ದ್ರಾಕ್ಷಿ ಹಣ್ಣಾದಾಗ ನೀವು ಬಲೆ ಹಾಕಿ ಓಡಿಸುವ ಹಕ್ಕಿಗಳಲ್ಲಿ ಅದೂ ಒಂದು! ಎರಡು ಮೂರು ಮೊಟ್ಟೆ ಇಡುತ್ತದೆ. ಕಾವು ಕೂತು ಸುಮಾರು 12ರಿಂದ 14 ದಿನಕ್ಕೆ ಮರಿ. ಮರಿಯಾದ ಮೇಲೆ ಇನ್ನು 12 ದಿನಕ್ಕೆಲ್ಲ ಗೂಡು ಬಿಡುತ್ತದೆ. ಆದರೆ ಗೂಡು ಬಿಟ್ಟ ಮಾತ್ರಕ್ಕೆ ಹೊಟ್ಟೆಪಾಡು ಕಲಿತಿರುವುದಿಲ್ಲ. ಆಮೇಲೂ ತಾಯಿ ತಂದೆ ಉಣಿಸುತ್ತಾ ಜೊತೆಗೆ ತಿರುಗುತ್ತವೆ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಾಕುವ ವಿಧಾನದಲ್ಲಿ ಜನ ಊಟದ ಬಗ್ಗೆಯೇ ಕೇಳುತ್ತಾರೆ. ಊಟಕ್ಕಿಂತ ಮೊದಲು ಬೇಕಾದದ್ದು ಬಿಸಿ. ತಣ್ಣಗಾದ ಮರಿಗೆ ತುತ್ತು ಕೊಟ್ಟರೆ ಅರಗುವುದಿಲ್ಲ. ಬರಿಮೈಯ ಮರಿ ತಾಯಿಯ ಹೊಟ್ಟೆಯ ಕೆಳಗೆ ಇದ್ದಷ್ಟೇ ಬೆಚ್ಚಗಿರಬೇಕು. ಬೆರಳ ಹಿಂಭಾಗ ಅದರ ಹೊಟ್ಟೆಗೆ ತಾಗಿಸಿದರೆ ಬೆಚ್ಚಗೆ ಅನ್ನಿಸಬೇಕು. ಆದರೆ ನಮ್ಮ ವಿಜಯಪುರದ ಏಪ್ರಿಲ್–ಮೇ ಗೊತ್ತಲ್ವಾ. ಇಲ್ಲಿ ಹಗಲು ಕಷ್ಟ ಇನ್ನೊಂದು ಬಗೆ. ತಗಡಿನ ಶೆಡ್ಡಿನಲ್ಲಿ ಡಬ್ಬಿ ಇಟ್ಟರೆ ಮರಿ ಬೆಂದುಹೋಗುತ್ತದೆ. ಅದು ಕೊಕ್ಕು ತೆರೆದು ಏದುಸಿರು ಬಿಡುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದಿದ್ದರೆ ಸೆಕೆ ಆಗಿದೆ ಅಂತ. ಕೂಡಲೇ ತಂಪು ಕೋಣೆಗೆ ತನ್ನಿ. ಹಾಗಂತ ಕೂಲರ್ ಗಾಳಿ ನೇರ ಬೀಸುವ ಕಡೆ ಇಡಬೇಡಿ.

ಹಾಸಿಗೆ ಬಟ್ಟಲಿನ ಹಾಗೆ ತಗ್ಗಾಗಿರಲಿ. ಸಪಾಟಾದ ನುಣ್ಣನೆ ಜಾಗದಲ್ಲಿ ಬೆಳೆದ ಮರಿಯ ಕಾಲು ಎರಡೂ ಕಡೆ ಜಾರಿ ಸೊಟ್ಟಗಾಗುತ್ತವೆ. ಆಮೇಲೆ ಸರಿಪಡಿಸುವುದು ಬಹಳ ಕಷ್ಟ. ಸಣ್ಣ ಬಟ್ಟಲಿಗೆ ಮೆತ್ತನೆ ಕಾಗದ ಸುತ್ತಿ ಇಡಿ. ದಾರ ಬಿಚ್ಚಿದ ಬಟ್ಟೆ ಬೇಡ, ಮರಿಯ ಕಾಲ್ಬೆರಳಿಗೆ ಸುತ್ತಿಕೊಳ್ಳುತ್ತದೆ.

ಇನ್ನು ತುತ್ತು. ರೊಟ್ಟಿ, ಅನ್ನ, ಬ್ರೆಡ್ಡು ಯಾವುದೂ ಆಗದು. ಗುಬ್ಬಿ ತಾನು ಕಾಳು ತಿನ್ನುತ್ತದೆ, ಆದರೆ ಮರಿಗೆ ಹುಳವನ್ನೇ ತಂದು ಕೊಡುತ್ತದೆ. ಮೈ ಕಟ್ಟಬೇಕಾದರೆ ಹುಳವೇ ಬೇಕು. ಮಿಡತೆಯ ತಲೆ, ಕಾಲು ತೆಗೆದು ಕೊಡಿ. ಬೇಯಿಸಿದ ಮೊಟ್ಟೆ ಹಿಸುಕಿ ಕೊಡಬಹುದು. ಬೆಕ್ಕಿನ ಒಣ ಆಹಾರವನ್ನು ನೀರಲ್ಲಿ ನೆನೆಸಿ, ಸ್ಪಂಜಿನಷ್ಟು ಮೆತ್ತಗಾದ ಮೇಲೆ ಸಣ್ಣ ಚೂರು ಮಾಡಿ ಕೊಟ್ಟರೂ ಒಳ್ಳೆಯದು. ಪಿಕಳಾರಕ್ಕೆ ಸ್ವಲ್ಪ ಪಪ್ಪಾಯಿ ಸೇರಿಸಬಹುದು. ನೀರು ಬೇರೆಯಾಗಿ ಬೇಡ, ತುತ್ತಿನಲ್ಲಿರುವ ತೇವವೇ ಸಾಕು. ಒಂದು ಎಚ್ಚರಿಕೆ ನಿಮಗೆ ಮಾತ್ರ ಹೇಳಬೇಕಾದದ್ದು: ದ್ರಾಕ್ಷಿ ತೋಟದ ಮಿಡತೆ ಹಿಡಿಯಬೇಡಿ. ಔಷಧಿ ಹೊಡೆದ ಬಳ್ಳಿಯ ಹುಳದಲ್ಲಿ ಆ ವಿಷ ಇರುತ್ತದೆ. ಔಷಧಿ ಕಾಣದ ಬದುವಿನ ಹುಲ್ಲಿನಲ್ಲಿ ಹಿಡಿಯಿರಿ.

ತುದಿ ಮೊಂಡಾದ ಚಿಮಟದಲ್ಲಿ ತುತ್ತು ಹಿಡಿದು, ಆ ಉಸಿರಿನ ತೂತನ್ನು ದಾಟಿ ಗಂಟಲ ಹಿಂದಕ್ಕೆ ಇಡಬೇಕು. ಬರಿಮೈಯ ಮರಿಗೆ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ. ಗರಿ ಬಂದ ಹಾಗೆ ಮುಕ್ಕಾಲು ತಾಸು, ಒಂದು ತಾಸು ಆಗುತ್ತದೆ. ರಾತ್ರಿ ಕೊಡಬೇಕಿಲ್ಲ, ತಾಯಿಯೂ ಕೊಡುವುದಿಲ್ಲ. ತುತ್ತು ನುಂಗಿದ ಮೇಲೆ ಮರಿ ತಿರುಗಿ ಹಿಂಭಾಗ ಎತ್ತಿ, ಬಿಳಿ ಪೊರೆಯ ಪುಟ್ಟ ಚೀಲದಂತೆ ಹಿಕ್ಕೆ ಹಾಕುತ್ತದೆ. ಆ ಚೀಲ ಗಟ್ಟಿಯಾಗಿದ್ದರೆ ಹೊಟ್ಟೆ ಸರಿ ಇದೆ ಅಂತ ಅರ್ಥ. ಸಂತೆ, ಮದುವೆ, ಕೂಲಿಯಾಳಿನ ಬುತ್ತಿ ಎಲ್ಲದರ ಮಧ್ಯೆ ನೀವು ಇದನ್ನು ಎರಡು ವಾರ ಮಾಡಿದ್ದೀರಿ. ಎಷ್ಟು ದೊಡ್ಡ ಕೆಲಸ ಅಂತ ಮಾಡಿದವರಿಗೇ ಗೊತ್ತು.

ಪಾರಿವಾಳ, ಬೆಳವಗಳ ಮರಿಗೆ ಈ ಕ್ರಮ ಹೊಂದುವುದಿಲ್ಲ. ಅವು ಬಾಯಿ ತೆರೆದು ಕೇಳುವುದಿಲ್ಲ. ತಾಯಿಯ ಬಾಯೊಳಗೆ ತಮ್ಮ ಕೊಕ್ಕು ಹಾಕಿ, ಅದರ ಗಂಟಲ ಚೀಲದಲ್ಲಿ ಊರುವ ಮೊಸರಿನಂಥ ಆಹಾರ ಹೀರುತ್ತವೆ. ಅಂಥ ಮರಿ ಸಿಕ್ಕರೆ ತಿಳಿದವರಿಗೇ ಒಪ್ಪಿಸಿ. ಬೆಕ್ಕು ಕಚ್ಚಿದ ಮರಿಯನ್ನಂತೂ ಅದೇ ದಿನ ಪಶು ವೈದ್ಯರಿಗೆ ತೋರಿಸಬೇಕು. ಗಾಯ ಸೂಜಿಮೊನೆಯಷ್ಟಿದ್ದರೂ ಬೆಕ್ಕಿನ ಜೊಲ್ಲಿನ ಸೋಂಕು ಒಳಗೇ ಹರಡುತ್ತದೆ.

ಈಗ ಪಂಜರದ ಪ್ರಶ್ನೆ. ಇಲ್ಲಿ ನನ್ನದೊಂದು ಹಳೆಯ ನೋವು ಹೇಳಲೇಬೇಕು.

ನಾನು ಹುಡುಗನಾಗಿದ್ದಾಗ ನಮ್ಮ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಹಿತ್ತಿಲ ಗೋಡೆಯ ತೂತಿನಿಂದ ಒಂದು ಗೊರವಂಕದ ಮರಿ ಬಿತ್ತು. ನಾನು ಸಾಕಿದೆ. ಹೆಸರಿಟ್ಟೆ. ಭುಜದ ಮೇಲೆ ಕೂರಿಸಿಕೊಂಡು ಓಣಿಯೆಲ್ಲ ತಿರುಗಿದೆ. ಅದಕ್ಕೆ ಹಾರಲು ಬಂತು. ಹಾರಿ ಹೋದರೂ ಕರೆದರೆ ಬರುತ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ. ಒಂದು ದಿನ ಪಕ್ಕದ ಮನೆಯ ಅಂಗಳದಲ್ಲಿ ಬೆಕ್ಕು ಮಲಗಿತ್ತು. ಗೊರವಂಕ ಅದರ ಎದುರಿಗೇ ಇಳಿದು ತುತ್ತಿಗಾಗಿ ಬಾಯಿ ತೆರೆಯಿತು. ನಾನು ಕಟ್ಟೆಯ ಮೇಲಿನಿಂದ ನೋಡುತ್ತಿದ್ದೆ. ಅದಕ್ಕೆ ಹಾರಲು ಕಲಿಸಿದ್ದೆ, ಹೆದರಲು ಕಲಿಸಿರಲಿಲ್ಲ.

ಆಮೇಲೆ ಎಷ್ಟೋ ವರ್ಷಕ್ಕೆ ಕಾನ್ರಾಡ್ ಲೊರೆಂಜ್ ಅವರ ಬಗ್ಗೆ ಓದಿದೆ. ಆಸ್ಟ್ರಿಯಾದ ವಿಜ್ಞಾನಿ, 1973ರ ನೊಬೆಲ್ ಪಡೆದವರಲ್ಲಿ ಒಬ್ಬರು. ಮೊಟ್ಟೆಯಿಂದ ಹೊರಬಂದ ಹೆಬ್ಬಾತಿನ ಮರಿಗಳು ಮೊದಲು ಅವರನ್ನೇ ಕಂಡು ಅವರನ್ನೇ ತಾಯಿ ಅಂದುಕೊಂಡು ಹಿಂದೆ ಹಿಂದೆ ನಡೆದವು. ಪಿಕಳಾರ ಹೆಬ್ಬಾತಲ್ಲ, ನಿಜ. ಆದರೂ ಮರಿ ತಾನು ಯಾರು, ಯಾರಿಗೆ ಹೆದರಬೇಕು ಅನ್ನುವುದನ್ನು ಆ ಎಳೆಯ ದಿನಗಳಲ್ಲೇ ಕಲಿಯುತ್ತದೆ. ಆ ದಿನಗಳಲ್ಲಿ ನಾವು ಮುದ್ದಾಡಿದಷ್ಟೂ ಅದರ ಮುಂದಿನ ಬದುಕು ಕಿರಿದಾಗುತ್ತದೆ. ಆದ್ದರಿಂದ ಅಕ್ಕಾವ್ರೆ, ಹೆಸರಿಡಬೇಡಿ. ಮಕ್ಕಳ ಕೈಗೆ ಕೊಡಬೇಡಿ. ತುತ್ತು ಕೊಡುವಾಗ ಮಾತು ಬೇಡ, ಕೊಟ್ಟು ಸರಿದುಬಿಡಿ. ಇದು ಕಲ್ಲು ಮನಸ್ಸಲ್ಲ. ನಿಮ್ಮ ಮನೆಗೆ ಬಂದ ಮೊದಲ ದಿನದಿಂದಲೇ ಅದು ಹೋಗಬೇಕಾದ ಹಕ್ಕಿ. ಅದನ್ನು ಸಾಕುವುದೆಲ್ಲ ಆ ದಿನಕ್ಕಾಗಿಯೇ.

ಕಾನೂನೂ ಇದನ್ನೇ ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದೂ ಅಪರಾಧವೇ. ಕಾಯ್ದೆಯ ರಕ್ಷಣೆಯಲ್ಲಿರುವ ಜೀವಿ ಕೈಗೆ ಬಂದರೆ 48 ತಾಸಿನೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗಳಿಗೋ ತಿಳಿಸಬೇಕು ಅಂತಲೂ ಅದರಲ್ಲಿದೆ. ಅರಣ್ಯ ಇಲಾಖೆಯ ಸಹಾಯವಾಣಿ 1926. ನಿಮಗೆ ಫೋನಿನಲ್ಲಿ ಹೇಳಿದ ಮೊದಲ ಮಾತು ಇದೇ. ಹೆದರಬೇಡಿ, ನಡೆದದ್ದನ್ನು ನಡೆದ ಹಾಗೆ ಹೇಳಿ. ಒಪ್ಪಿಸಿ ಅಂದರೆ ಒಪ್ಪಿಸಿ. ನಿಮ್ಮಲ್ಲೇ ಇರಲಿ ಅಂದರೆ ಮುಂದಿನ ಕೆಲಸ ಹೀಗೆ.

ಮೈದುನ ತಂದ ಪಂಜರ ಹಕ್ಕಿಗೆ ಬಲು ಇಕ್ಕಟ್ಟು. ಅದರಲ್ಲಿ ರೆಕ್ಕೆ ಬಡಿದು ಗರಿ ಮುರಿಯುತ್ತದೆ. ಒಣದ್ರಾಕ್ಷಿ ಶೆಡ್ಡಿನ ಒಂದು ಮೂಲೆಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ ಸಣ್ಣ ಕೋಣೆ ಮಾಡಿ. ಶೆಡ್ಡು ತೆರೆದ ಗಾಳಿಯಲ್ಲಿರಲಿ, ಮೇಲೆ ನೆರಳಿರಲಿ. ಹಕ್ಕಿ ಓಡಿಸುವ ಬಲೆ ಮಾತ್ರ ಬೇಡ, ಕಾಲು ಸಿಕ್ಕಿಕೊಳ್ಳುತ್ತದೆ. ಒಳಗೆ ದಪ್ಪ, ಸಣ್ಣ ಬೇವಿನ ಕೊಂಬೆಗಳನ್ನು ಎತ್ತರ ತಗ್ಗಾಗಿ ಕಟ್ಟಿ. ಅಗಲ ತಟ್ಟೆಯಲ್ಲಿ ಬೆರಳಷ್ಟು ನೀರಿಡಿ, ಮೀಯಲಿ. ಪಪ್ಪಾಯಿಯನ್ನು ಕೊಂಬೆಗೇ ಚುಚ್ಚಿಡಿ, ಜೀವಂತ ಮಿಡತೆ ಬಿಡಿ, ಹುಡುಕಿ ತಿನ್ನಲಿ. ಹಸಿವಿಗೆ ಕೆಡವಿ ಕಲಿಸಲು ಹೋಗಬೇಡಿ. ಕೈತುತ್ತನ್ನು ತಾನಾಗಿಯೇ ಬೇಡ ಅನ್ನುವ ತನಕ ಕೊಡುತ್ತಲೇ ಇರಬೇಕು. ಹೊರಗೆ ಬೇರೆ ಪಿಕಳಾರಗಳು ಕೂಗುವುದು ಅದಕ್ಕೆ ಕೇಳಿಸುತ್ತಿರಲಿ. ಗಿಡುಗ ಹಾದಾಗ ಅವು ಕೂಗುವ ಕೂಗಿನಲ್ಲಿ ನಾನು ಕಲಿಸಲಾಗದ ಪಾಠ ಇದೆ.

ಬಿಡುವುದು ಯಾವಾಗ? ಕೆಳಗಿನಿಂದ ಮೇಲಕ್ಕೆ ಸಲೀಸಾಗಿ ಹಾರಬೇಕು. ಮೇಲಿನಿಂದ ಕೆಳಗೆ ಬರುವುದು ಹಾರುವುದಲ್ಲ. ಮೂರು ನಾಲ್ಕು ದಿನ ಸತತವಾಗಿ ತಾನೇ ಹೆಕ್ಕಿ ತಿಂದಿರಬೇಕು. ಬೆನ್ನಿನ ಮೇಲೆ ನೀರು ಚಿಮುಕಿಸಿದರೆ ಹನಿ ಉರುಳಿ ಬೀಳಬೇಕು. ನಿಮ್ಮನ್ನು ಕಂಡರೆ ದೂರ ಸರಿಯಬೇಕು. ಆ ದಿನ ನಿಮಗೆ ಬೇಜಾರಾಗುತ್ತದೆ. ಆದರೆ ಅದೇ ನೀವು ಕಾಯುತ್ತಿದ್ದ ಗುರುತು. ನಿಮ್ಮ ಹಕ್ಕಿಗೆ ಇನ್ನೂ ಎರಡು ವಾರವಾದರೂ ಬೇಕು. ಅಷ್ಟರಲ್ಲಿ ಬೇವಿನ ಹಣ್ಣೂ ಶುರುವಾಗುತ್ತದೆ.

ಮುಂದಿನ ಚಾಟ್ನಿಗೆ ಒಂದು ಕೋರಿಕೆ. ಕತ್ತರಿ ಹಿಡಿಯುವ ಮೊದಲು ಯಾರಾದರೂ ಒಬ್ಬರು ಸಾಲುಗಳಲ್ಲಿ ನಡೆದು ನೋಡಲಿ. ಗೂಡಿದ್ದ ಬಳ್ಳಿಗೆ ಕೆಂಪು ಬಟ್ಟೆ ಕಟ್ಟಲಿ. ಮರಿ ಕಣ್ಣು ಬಿಟ್ಟಿದ್ದರೆ ವಾರದ ಕೆಲಸ ಅಷ್ಟೇ. ಮೊಟ್ಟೆ ಇದ್ದರೆ ಮೂರೂವರೆ ವಾರ. ಒಂದು ಬಳ್ಳಿ ತಡವಾಗಿ ಚಿಗುರಿದರೆ ಸಾವಿರ ಬಳ್ಳಿಯ ತೋಟಕ್ಕೆ ಏನೂ ಆಗದು. ಕೂಲಿಯವರಿಗೆ ಒಮ್ಮೆ ತೋರಿಸಿ ಹೇಳಿ, ಅವರ ಕಣ್ಣು ನಮಗಿಂತ ಚುರುಕು.

ಪತ್ರದ ಕೊನೆಗೆ ನಿಮ್ಮ ಮಗಳು ಬೇರೆ ಪೆನ್ನಿನಲ್ಲಿ ಒಂದು ಸಾಲು ಬರೆದಿದ್ದಾಳೆ: “ಬಿಟ್ಟ ಮೇಲೆ ಅದಕ್ಕೆ ನಮ್ಮ ನೆನಪು ಇರುತ್ತಾ?” ಪುಟ್ಟೀ, ಮೊದಲ ಕೆಲವು ದಿನ ತಟ್ಟೆ ಇದ್ದ ಜಾಗ ಅದಕ್ಕೆ ನೆನಪಿರುತ್ತದೆ. ಹಾಗಾಗಿ ಮಳೆಗಾಳಿ ಇಲ್ಲದ ಒಂದು ಬೆಳಗ್ಗೆ ಪರದೆ ಸರಿಸಿ, ಪಪ್ಪಾಯಿ ತಟ್ಟೆಯನ್ನು ಅಲ್ಲೇ ಎರಡು ವಾರ ಇಡು. ಬಂದರೆ ತಿನ್ನಲಿ. ನೀನು ಕಿಟಕಿಯ ಹಿಂದೆ ನಿಂತು ನೋಡು, ಕರೆಯಬೇಡ. ಒಂದು ದಿನ ತಟ್ಟೆ ಹಾಗೇ ಉಳಿಯುತ್ತದೆ. ಅವತ್ತು ನನಗೆ ಒಂದು ಕಾರ್ಡು ಹಾಕು.

ಇಂತಿ,
ಸಂಪಾದಕ