ತಿಂಗಳ ಹಾಳೆ ತಾನಾಗಿ ಪ್ರಿಂಟ್ ಆಗಬೇಕು

ಪ್ರಶ್ನೆ: ಅಡುಗೆಮನೆ ಗೋಡೆಗೆ ಪ್ರತಿ ತಿಂಗಳು ಒಂದು ಕ್ಯಾಲೆಂಡರ್ ಹಾಳೆ ಬೇಕು. ಹಾಲಿನ ಲೆಕ್ಕ, ಕೆಲಸದವಳು ಬಾರದ ದಿನ, ಗ್ಯಾಸ್ ಬಂದ ತಾರೀಖು ಎಲ್ಲ ಅದರಲ್ಲೇ ಬರೆಯುವುದು. ಮಗ ಮಾಡಿಕೊಡುತ್ತಿದ್ದ, ಈಗ ಪುಣೆಗೆ ಹೋಗಿದ್ದಾನೆ. ವಿಂಡೋಸ್ ಲ್ಯಾಪ್‌ಟಾಪ್, ಲಿಬ್ರೆ ಆಫೀಸ್, ಪ್ರಿಂಟರ್ ಇವೆ. ಹಾಳೆ ತಾನಾಗಿ ಬರುವ ಹಾಗೆ ಮಾಡಬಹುದಾ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಖಂಡಿತ ಮಾಡಬಹುದು. ಮುಂಬಯಿ ಮುಲುಂಡಿನ ನಮ್ಮ ಮನೆಯಲ್ಲೂ ಇಂಥದ್ದೇ ಹಾಳೆ ನೇತಾಡುತ್ತಿದೆ. ಆದರೆ ಮೊದಲ ಸಲ ನಾನು ಎಡವಿದ್ದನ್ನು ಹೇಳಿಬಿಡುತ್ತೇನೆ.

28ನೇ ತಾರೀಖಿಗೆ ಪ್ರಿಂಟ್ ಆಗಲಿ ಅಂತ ಇಟ್ಟಿದ್ದೆ. ಫೆಬ್ರವರಿಯಲ್ಲೂ 28 ಇರುತ್ತದಲ್ವಾ, ಅದಕ್ಕೆ. ಲಿಬ್ರೆ ಆಫೀಸಿನ ಲೆಕ್ಕದ ಹಾಳೆ ಕ್ಯಾಲ್ಕ್‌ನಲ್ಲಿ ಹಾಕಿದ ಸೂತ್ರ ‘ಇಂದಿನ ತಾರೀಖಿನ ಮುಂದಿನ ತಿಂಗಳು’ ಅಂತ. ಏಪ್ರಿಲ್ ಕೊನೆಗೆ ಊರಿಗೆ ಹೋಗಿ, ಮೇ 3ಕ್ಕೆ ಬಂದು ಕಂಪ್ಯೂಟರ್ ಹಚ್ಚಿದೆ. ತಪ್ಪಿದ ಕೆಲಸವನ್ನು ಅದು ಆಗ ಮಾಡಿತು. ಮೇ ಬದಲು ಜೂನ್ ಹಾಳೆ ಬಂತು! ಮನೆಯವಳು ಅದರಲ್ಲೇ ಎರಡು ದಿನ ಹಾಲು ಬರೆದಿದ್ದಳು.

ಈಗಿನ ಸೂತ್ರ ಹೀಗಿದೆ. ಇವತ್ತಿನ ತಾರೀಖು ಕೊಡುವ ಟುಡೇಗೆ (TODAY) 7 ಕೂಡಿಸಿ. ಅದನ್ನು ತಿಂಗಳ ಕೊನೆಯ ದಿನ ಹೇಳುವ ಇಓಮಂತ್ (EOMONTH) ಸೂತ್ರಕ್ಕೆ ಕೊಟ್ಟು, ಎರಡನೇ ಜಾಗದಲ್ಲಿ ಮೈನಸ್ 1 ಹಾಕಿ. ಬಂದದ್ದಕ್ಕೆ 1 ಕೂಡಿಸಿದರೆ ಬೇಕಾದ ತಿಂಗಳ ಒಂದನೇ ತಾರೀಖು. 28ಕ್ಕೆ ಓಡಿದರೂ, ತಡವಾಗಿ ಮುಂದಿನ 3ಕ್ಕೆ ಓಡಿದರೂ ಅದೇ ತಿಂಗಳು. ಆ ತಾರೀಖಿನಿಂದ ಅದರ ವೀಕ್‌ಡೇ (WEEKDAY, ವಾರದ ಸಂಖ್ಯೆ, ಭಾನುವಾರಕ್ಕೆ 1) ಕಳೆದು 1 ಕೂಡಿಸಿ, ಹಾಳೆಯ ಮೊದಲ ಚೌಕಕ್ಕೆ ಬೇಕಾದ ಭಾನುವಾರ ಸಿಗುತ್ತದೆ. ಮುಂದಿನ ಚೌಕಗಳಿಗೆ ಒಂದೊಂದು ಕೂಡಿಸುತ್ತಾ ಹೋದರಾಯಿತು. ಸಾಲು ಮಾತ್ರ 6 ಇಡಿ. 2026ರ ಆಗಸ್ಟ್ ಶನಿವಾರ ಶುರುವಾಗುತ್ತದೆ, 5 ಸಾಲಿನಲ್ಲಿ 30, 31 ಹಿಡಿಯುವುದಿಲ್ಲ. ಅಂಗಡಿ ಕ್ಯಾಲೆಂಡರಿನಲ್ಲಿ ಅವನ್ನು ಮೇಲಿನ ಖಾಲಿ ಚೌಕಕ್ಕೆ ತಳ್ಳುತ್ತಾರೆ, ನಮಗೆ ಆ ಜಿಪುಣತನ ಯಾಕೆ?

ಇನ್ನು ಓಡಿಸುವುದು. ಹೇಳಿದ ದಿನ ಕೆಲಸ ಓಡಿಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ತೆರೆದು, ಮಂತ್ಲಿ ಆರಿಸಿ, ಎಲ್ಲ ತಿಂಗಳು, 28 ಅಂತ ಕೊಡಿ. ಪ್ರೋಗ್ರಾಂ ಜಾಗದಲ್ಲಿ ಲಿಬ್ರೆ ಆಫೀಸಿನ ಪ್ರೋಗ್ರಾಂ ಫೋಲ್ಡರಿನ ಎಸ್‌ಆಫೀಸ್ (soffice) ತೋರಿಸಿ. ಆರ್ಗ್ಯುಮೆಂಟ್ಸ್ ಜಾಗದಲ್ಲಿ ಒಂದು ಹೈಫನ್, ಅದಕ್ಕಂಟಿಕೊಂಡು ಇಂಗ್ಲಿಷಿನ ಸಣ್ಣ ಪಿ, ಒಂದು ಸ್ಪೇಸ್, ಆಮೇಲೆ ಜೋಡಿ ಕೋಟ್ ಗುರುತಿನೊಳಗೆ ಫೈಲಿನ ಪೂರ್ತಿ ವಿಳಾಸ.

ಸೆಟ್ಟಿಂಗ್ಸ್ ಪುಟದಲ್ಲಿ ‘ತಪ್ಪಿಹೋದರೆ ಆದಷ್ಟು ಬೇಗ ಓಡಿಸು’ ಎಂಬ ಅರ್ಥದ ಸಾಲಿಗೆ ಟಿಕ್ ಹಾಕಿ. ಕಂಡಿಷನ್ಸ್ ಪುಟದಲ್ಲಿ ಕರೆಂಟಿಗೆ ಸಿಕ್ಕಿಸಿದ್ದರೆ ಮಾತ್ರ ಓಡಬೇಕು ಅನ್ನುವ ಟಿಕ್ ಮೊದಲೇ ಇರುತ್ತದೆ, ಲ್ಯಾಪ್‌ಟಾಪಿನವರು ಅದನ್ನು ತೆಗೆಯಿರಿ. ಡೀಫಾಲ್ಟ್ ಪ್ರಿಂಟರನ್ನು ವಿಂಡೋಸೇ ನೋಡಿಕೊಳ್ಳುವ ಆಯ್ಕೆಯನ್ನೂ ಆಫ್ ಮಾಡಿ. ಇಲ್ಲದಿದ್ದರೆ ಕೊನೆಗೆ ಬಳಸಿದ ಪ್ರಿಂಟರಿಗೇ ಹಾಳೆ ಹೋಗುತ್ತದೆ.

ಏಕಾದಶಿ, ಸಂಕಷ್ಟಿ ಈ ಸೂತ್ರಕ್ಕೆ ಗೊತ್ತಿಲ್ಲ. ಅಮಾವಾಸ್ಯೆಗೆ ತಿಂಗಳು ಮುಗಿಯುವ ಲೆಕ್ಕ ಮರಾಠಿಯವರಿಗೂ ನಮಗೂ ಒಂದೇ. ಹಾಗಾಗಿ ಮರಾಠಿಯವರ ಕಾಲನಿರ್ಣಯ ಕ್ಯಾಲೆಂಡರ್ ನೋಡಿ ಪೆನ್ನಿನಲ್ಲಿ ಬರೆದುಕೊಳ್ಳಿ.

ಪ್ರಿಂಟರಿನ ಸ್ವಿಚ್ಚನ್ನು ಮಾತ್ರ ನೀವೇ ಹಾಕಬೇಕು. ಮರೆತರೆ ಹಾಳೆ ಸರದಿಯಲ್ಲಿ ಕಾದಿದ್ದು, ಹಾಕಿದ ಮೇಲೆ ಬರುತ್ತದೆ.