ಎಲ್ಲರ ಮುಂದೆ ‘ರೆಡಿ’ ಅಂದ ಹುಡುಗಿ

ನಾನು ಆಟಗಾರರ ಆಪ್ತಸಲಹೆಗಾರ್ತಿ. ನನ್ನ ಹತ್ತಿರ ಬಂದ ಒಬ್ಬ ಹುಡುಗಿಯ ಕತೆ ಇದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವಳನ್ನು ‘ಸ’ ಅಂತ ಕರೆಯೋಣ. ವಯಸ್ಸು 19, ವಾಲಿಬಾಲ್ ಆಟಗಾರ್ತಿ. ಜಿಗಿದು ಇಳಿಯುವಾಗ ಎಡಮಂಡಿ ತಿರುಚಿ ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಲಿಗಮೆಂಟ್, ಹರಿದಿತ್ತು. ಆಪರೇಷನ್ ಆಗಿ ಆರೂವರೆ ತಿಂಗಳು. ಮೂರು ವಾರಕ್ಕೆ ಟೂರ್ನಿ. ಆಡೋಕೆ ರೆಡಿ ಅಂತ ಕೋಚ್‌ಗೆ ಹೇಳಿಬಿಟ್ಟಿದ್ದಳು.

“ನೋವೇ ಇಲ್ಲ ಮೇಡಂ, ಊತನೂ ಇಲ್ಲ. ಅಮ್ಮನೇ ಹಟ ಮಾಡಿ ಕಳಿಸಿದ್ರು” ಅಂದಳು. ಮಾತಾಡುವಷ್ಟು ಹೊತ್ತೂ ಅಂಗೈ ಎಡಮಂಡಿ ಮೇಲೇ ಇತ್ತು.

ನಿದ್ದೆ ಹೇಗೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆವತ್ತು ಮಂಡಿಯೊಳಗೆ ‘ಟಕ್’ ಅಂದಿದ್ದು ರಾತ್ರಿ ಹೊತ್ತು ಈಗಲೂ ಕೇಳಿಸುತ್ತಂತೆ. ಪ್ರಾಕ್ಟೀಸಿನಲ್ಲಿ ಜಿಗಿದರೆ ತಾನಾಗೇ ಬಲಗಾಲ ಮೇಲೇ ಇಳಿಯುತ್ತಾಳಂತೆ. ಹಾಗಿದ್ರೆ ರೆಡಿ ಅಂದಿದ್ದು ಯಾಕೆ ಅಂತ ಕೇಳಿದೆ. “ಸರ್ ಇಡೀ ಟೀಮ್ ಮುಂದೆ ಕೇಳಿದ್ರು ಮೇಡಂ.” ಅಲ್ಲಿ ನಿಂತು ಇಲ್ಲ ಅನ್ನೋಕೆ ಯಾರಿಗಾಗುತ್ತೆ ಹೇಳಿ.

ಮಂಡಿ ವಿಷಯ ನನ್ನ ಕಸುಬಲ್ಲ. ಅವಳನ್ನು ಕೇಳಿಕೊಂಡೇ ಫಿಸಿಯೋಗೆ ಫೋನ್ ಮಾಡಿದೆ. ಎಡತೊಡೆಯ ಶಕ್ತಿ ಬಲತೊಡೆಯದರ ಶೇ. 78 ಇತ್ತು. ಸಾಮಾನ್ಯವಾಗಿ 90 ಆದರೂ ಇರಬೇಕು, ಒಂಟಿಗಾಲಲ್ಲಿ ಕುಪ್ಪಳಿಸುವ ಪರೀಕ್ಷೆಯಲ್ಲೂ ಅಷ್ಟೇ. ಕೂರಿಸಿದ ಹೊಸ ಲಿಗಮೆಂಟ್ ಗಟ್ಟಿಯಾಗುವ ಮೊದಲೇ ನೋವು ಹೋಗಿಬಿಡುತ್ತೆ, ಮೋಸ ಹೋಗುವುದೇ ಇಲ್ಲಿ. 2016ರ ಒಂದು ಅಧ್ಯಯನದಲ್ಲಿ, ಆಪರೇಷನ್ ಆದಮೇಲೆ 9 ತಿಂಗಳವರೆಗೆ ಆಟಕ್ಕೆ ಮರಳದೆ ಒಂದೊಂದು ತಿಂಗಳು ಕಾದಾಗಲೂ ಮಂಡಿಗೆ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧಕ್ಕೆ ಇಳಿದಿತ್ತು.

ನಾನು ಹೇಳಿದ್ದು ಇಷ್ಟು. ಈ ಟೂರ್ನಿ ಬಿಡು. ಮಾತ್ರೆ ನುಂಗಿ ಆಡುವ ಯೋಚನೆಯಂತೂ ಬೇಡವೇ ಬೇಡ. ಯಾವಾಗ ಆಡಬಹುದು ಅನ್ನೋದನ್ನ ಡಾಕ್ಟರು, ಫಿಸಿಯೋ, ನೀನು ಮೂವರೂ ಕೂತು ಹೇಳಬೇಕು. ಕೋಚ್ ಹತ್ತಿರ ಒಬ್ಬಳೇ ಹೋಗಿ ಮಾತಾಡು. ಏನು ಹೇಳಬೇಕು ಅಂತ ನನ್ನೆದುರೇ ನಾಲ್ಕು ಸಲ ಹೇಳಿಸಿದೆ: “ಸರ್, ಟೆಸ್ಟ್ ಪಾಸಾಗೋವರೆಗೂ ಮ್ಯಾಚ್ ಆಡಲ್ಲ. ಟೀಮ್ ಜೊತೆ ಬರ್ತೀನಿ.” ಮೂರನೇ ಸಲಕ್ಕೆ ಅತ್ತಳು.

ಹೆದರಿಕೆಗೂ ಅಭ್ಯಾಸ ಬೇಕು. ಫಿಸಿಯೋ ಎದುರು ಗಿಡ್ಡ ಮೆಟ್ಟಿಲಿಂದ ಎರಡೂ ಕಾಲಲ್ಲಿ ಇಳಿಯುವುದು, ಆಮೇಲೆ ಎಡಗಾಲಲ್ಲಿ. ಪ್ರತಿ ಸಲ ಭಯಕ್ಕೆ ಹತ್ತರಲ್ಲಿ ಎಷ್ಟು ಅಂತ ಬರೆಯುವುದು. ಮೊದಲ ದಿನ 8 ಬರೆದಿದ್ದಳು.

ಕೋಚ್ ಎರಡು ವಾರ ಮುಖ ಕೊಟ್ಟು ಮಾತಾಡಲಿಲ್ಲವಂತೆ. ಅದನ್ನೂ ಕೂತು ಮಾತಾಡಿದೆವು.

ಹತ್ತನೇ ತಿಂಗಳಿಗೆ ತೊಡೆಯ ಶಕ್ತಿ 93, ಭಯ 3. ಡಾಕ್ಟರು ಒಪ್ಪಿದ ಮೇಲೆ ಒಂದೇ ಒಂದು ಸೆಟ್ ಆಡಿದಳು. ಸೋತರು. ಸಂಜೆ ಮೆಸೇಜ್ ಬಂತು: “ಎಡಗಾಲ ಮೇಲೆ ಇಳಿದಿದ್ದೆ ಮೇಡಂ. ಪಾಯಿಂಟ್ ಹೋದ್ಮೇಲೆ ಗೊತ್ತಾಯ್ತು.”